ಬೂದಿದಿಬ್ಬದ ಗಡಿ ಬೂದಿಯ ಅಂಚಿಗೇ ಮುಗಿಯದು: ಐದು ಜಿಲ್ಲೆಗಳ ಆಡಳಿತಕ್ಕೆ ಬಹಿರಂಗ ಪತ್ರ

ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಮತ್ತು ಯಾದಗಿರಿ ಜಿಲ್ಲಾಧಿಕಾರಿಗಳಿಗೆ, ಪುರಾತತ್ವ ಇಲಾಖೆಗೆ, ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗಳಿಗೆ, ಬೂದಿದಿಬ್ಬವಿರುವ ಹೊಲದ ರೈತರಿಗೆ.

ಮಾನ್ಯರೇ,

ಬೇಸಿಗೆ ಬಂತೆಂದರೆ ನಿಮ್ಮ ಸೀಮೆಯಲ್ಲಿ ಹೊಲ ಸಮ ಮಾಡುವ, ಬದು ಹಾಕುವ, ಉದ್ಯೋಗ ಖಾತ್ರಿಯಲ್ಲಿ ಕಂದಕ ತೋಡುವ ಕೆಲಸ ಶುರುವಾಗುತ್ತದೆ. ನವಶಿಲಾಯುಗದ, ಅಂದರೆ ಕಲ್ಲಿನ ಆಯುಧ ಹಿಡಿದೇ ಜನ ದನ ಸಾಕಿ ಬೇಸಾಯಕ್ಕೆ ತೊಡಗಿದ ಕಾಲದ, ಬೂದಿದಿಬ್ಬಗಳು ಕರಗುವುದೂ ಇದೇ ತಿಂಗಳುಗಳಲ್ಲಿ. ದಿಬ್ಬದ ಪಕ್ಕ ಫಲಕ ನೆಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಫಲಕ ನೆಟ್ಟ ಜಾಗದಲ್ಲೂ ಜೆಸಿಬಿ ಓಡಿದೆ. ನಮ್ಮ ಬೇಡಿಕೆ ಬೇರೆ: ದಿಬ್ಬದ ಸುತ್ತಲಿನ ನೆಲವನ್ನೂ ಸೇರಿಸಿ ಗಡಿ ಅಳೆಯಿರಿ, ಆ ಗಡಿಯನ್ನು ಪಹಣಿಗೆ ಏರಿಸಿ.

ಮೊದಲು, ಈ ದಿಬ್ಬಗಳು ಏನೆಂಬುದು. ಕರ್ನಾಟಕದ ಈಶಾನ್ಯ ಭಾಗ ಮತ್ತು ಅದಕ್ಕೆ ತಾಗಿದ ಆಂಧ್ರ, ತೆಲಂಗಾಣದ ನೆಲದಲ್ಲಿ ಇಂಥವು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಕೆಲವು ಮೊಣಕಾಲೆತ್ತರ, ಕೆಲವು ಮೂರಾಳೆತ್ತರವನ್ನೂ ಮೀರಿದವು. ಕುಡತಿನಿ, ಕುಪ್ಪಗಲ್ಲು, ಬೂದಿಹಾಳದ ದಿಬ್ಬಗಳು ಹೆಸರಾದವು. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಬೇರೆ ಊರುಗಳಲ್ಲಿ ಅದು ರಕ್ಕಸರ ಮೂಳೆಯ ಬೂದಿ. 19ನೇ ಶತಮಾನದಲ್ಲಿ ಜ್ವಾಲಾಮುಖಿ, ಕಬ್ಬಿಣದ ಕುಲುಮೆ, ಸಾಮೂಹಿಕ ದಹನ ಎಂಬ ಊಹೆಗಳೆಲ್ಲ ಬಂದುಹೋದವು. ಇದು ದನದ ಸಗಣಿಯ ಬೂದಿ, ಶಿಲಾಯುಗದವರದು ಎಂದು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಸಾಲಾಗಿ ನೆಟ್ಟ ಮರದ ಗೂಟಗಳ ಕುಳಿಗಳೂ, ಬೂದಿಯ ಪದರದ ಮೇಲೆ ದನದ ಗೊರಸಿನ ಅಚ್ಚುಗಳೂ ಸಿಕ್ಕವು. ಅಲ್ಲಿಗೆ ಅದು ದೊಡ್ಡಿ ಎಂಬುದು ಖಚಿತವಾಯಿತು. ಸಗಣಿ ಒಟ್ಟಿದ್ದಾರೆ, ಸುಟ್ಟಿದ್ದಾರೆ, ಅದರ ಮೇಲೆ ಮತ್ತೆ ಒಟ್ಟಿದ್ದಾರೆ, ಮತ್ತೆ ಸುಟ್ಟಿದ್ದಾರೆ. ಕ್ರಿ.ಪೂ. 3ನೇ ಮತ್ತು 2ನೇ ಸಹಸ್ರಮಾನದಲ್ಲಿ ಇದು ನಡೆಯಿತು.

ಯಾಕೆ ಸುಟ್ಟರು ಎಂಬುದು ಇನ್ನೂ ವಾದದಲ್ಲಿದೆ. ಆಲ್ಚಿನ್ ಸಂಕ್ರಾಂತಿಯಂಥ ದನದ ಹಬ್ಬಗಳ ಕಡೆ ಬೆರಳು ತೋರಿದರು. ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಆ ಊಹೆ ಸಲೀಸಾಗಿ ಒಪ್ಪಿಗೆಯಾಗುತ್ತದೆ. ಅಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆ ಎಂಬ ಕಾರಣಕ್ಕೇ ಅದನ್ನು ಎರಡು ಸಲ ತೂಗಿ ನೋಡಬೇಕು. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಸುರಪುರ ತಾಲೂಕಿನ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದಾಗ ಚಿತ್ರ ಬೇರೆಯಾಯಿತು. ದಿಬ್ಬವೊಂದೇ ಅಲ್ಲ, ಅದಕ್ಕೆ ಅಂಟಿಕೊಂಡೇ ಜನ ವಾಸಿಸಿದ ನೆಲ, ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತ ಸಮಾಧಿಗಳು, ಕಲ್ಲಿನ ಅಲಗು ಮಾಡಿದ ತಾಣ, ದನ ಕೊಯ್ದು ಹಂಚಿದ ನೆಲಗಟ್ಟು ಬೆಳಕಿಗೆ ಬಂದವು. ಅಂದರೆ ಊರು ದಿಬ್ಬದ ಪಕ್ಕದಲ್ಲಿತ್ತು. ಈಗ ಅಲ್ಲಿ ಏನಿದೆ? ಹೊಲ. ಬೂದಿ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದನ್ನಾದರೂ ಒಮ್ಮೊಮ್ಮೆ ಬಿಡುತ್ತಾರೆ. ಊರಿದ್ದ ಜಾಗವನ್ನು ಯಾರೂ ಬಿಡುವುದಿಲ್ಲ, ಯಾಕೆಂದರೆ ಅಲ್ಲಿ ಕಾಣುವುದು ಕಪ್ಪು ಮಣ್ಣು ಮತ್ತು ನಾಲ್ಕು ಬೋಕಿ ಚೂರು ಮಾತ್ರ.

ಗಡಿ ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ದಿಬ್ಬದ ನಡುವಿನಿಂದ ಎಂಟು ದಿಕ್ಕಿಗೆ 200 ಮೀಟರ್ ಉದ್ದದ ಹಗ್ಗ ಹಿಡಿಯಿರಿ. ಪ್ರತಿ 10 ಮೀಟರಿಗೆ 1 ಚದರ ಮೀಟರಿನ ಕಡ್ಡಿ ಚೌಕಟ್ಟು ಇಟ್ಟು, ಒಳಗೆ ಬಿದ್ದ ಮಡಕೆ ಚೂರು ಮತ್ತು ಕಲ್ಲಿನ ಚಕ್ಕೆ ಎಣಿಸಿ ಬರೆದುಕೊಳ್ಳಿ. ಒಟ್ಟು 160 ಚೌಕಟ್ಟು. ಬೆಳೆ ಇಲ್ಲದ ಹೊಲವಾದರೆ ನಾಲ್ವರಿಗೆ ಒಂದು ದಿನದ ಕೆಲಸ. ಚೂರುಗಳನ್ನು ಎತ್ತಿ ಚೀಲಕ್ಕೆ ತುಂಬಬೇಡಿ, ಎಣಿಸಿ ಅಲ್ಲೇ ಬಿಡಿ. ನವಶಿಲಾಯುಗದ ಚೂರು ಬಹುತೇಕ ಕೈಯಲ್ಲೇ ತಟ್ಟಿದ್ದು, ಬೂದು ಅಥವಾ ಮಾಸಲು ಕಂದು ಬಣ್ಣದ್ದು, ಒರಟು, ಕೆಲವಕ್ಕೆ ಉಜ್ಜಿದ ಹೊಳಪು. ತಿಗರಿಯ ಗೆರೆ ಇರುವ ಕಪ್ಪು-ಕೆಂಪು ಚೂರು ಬೃಹತ್ ಶಿಲಾ ಸಮಾಧಿ ಕಾಲದ್ದು. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಮಂಗಳೂರು ಹೆಂಚಿನ ತುಂಡನ್ನು ಎಣಿಸಬೇಡಿ (ಹೊಸಬರ ಲೆಕ್ಕ ಉಬ್ಬುವುದು ಅಲ್ಲೇ). ಒಂದೇ ಹಗ್ಗದಲ್ಲಿ ಸತತ ಮೂರು ಚೌಕಟ್ಟು ಖಾಲಿ ಬಂದರೆ ಆ ದಿಕ್ಕಿನ ಅಂಚು ಹತ್ತಿರವಾಯಿತೆಂದು ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು.

ತಾತ್ಕಾಲಿಕವಾಗಿ ಎಂದದ್ದಕ್ಕೆ ಕಾರಣವಿದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಸಣ್ಣ ವಸ್ತುಗಳನ್ನು ಬಿರುಕಿನೊಳಕ್ಕೆ ಎಳೆದುಕೊಳ್ಳುತ್ತದೆ. ಇಳಿಜಾರಿನ ಕೆಳಗೆ ಮೇಲಿಂದ ಹರಿದ ಮಣ್ಣು ಒಂದು ಮೀಟರ್ ಕೂತಿರಬಹುದು. ಅಲ್ಲಿ ಚೂರು ಕಾಣದಿದ್ದರೆ ಊರು ಇರಲಿಲ್ಲ ಎಂದಲ್ಲ. ಆ ಕಡೆ ಇರುವ ಬಾವಿಯ ಗೋಡೆ, ಕಾಲುವೆಯ ಬದಿ, ಹಳ್ಳದ ದಡ ನೋಡಿ. ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಯಲ್ಲಿ ಕೆಸರು ತುಳಿದ ಮೇಲೆ ಏನೂ ಕಾಣದು. ಕಟಾವು ಮುಗಿದು ನೀರು ಬಿಡುವ ಮೊದಲಿನ ವಾರಗಳಲ್ಲಿ ಮಾತ್ರ ಈ ಎಣಿಕೆ ನಡೆಯಬೇಕು.

ಬೂದಿ ಹೌದೋ ಅಲ್ಲವೋ ಎಂಬ ಗೊಂದಲ ಪಂಚಾಯಿತಿಗಳಲ್ಲಿ ಆಗಾಗ ಏಳುತ್ತದೆ. ಒಂದು ಅಯಸ್ಕಾಂತ ಮತ್ತು ಒಂದು ನಿಂಬೆಹಣ್ಣು ಸಾಕಷ್ಟು ದೂರ ಕರೆದೊಯ್ಯುತ್ತವೆ. ಕಬ್ಬಿಣದ ಕಿಟ್ಟ ತೂಕದ್ದು, ತುಕ್ಕು ಬಣ್ಣದ್ದು, ಅಯಸ್ಕಾಂತಕ್ಕೆ ಹಲವು ಸಲ ಅಂಟುತ್ತದೆ. ಸಗಣಿ ಬೂದಿ ಜೋರು ಬೆಂಕಿಯಲ್ಲಿ ಕರಗಿ ಗಟ್ಟಿಯಾದ ಉಂಡೆ ಹಗುರ, ಗುಳ್ಳೆಗುಳ್ಳೆ, ಬೂದು-ಹಸಿರು ಗಾಜಿನಂತಿರುತ್ತದೆ. ಹುಲ್ಲಿನಲ್ಲಿದ್ದ ಸಿಲಿಕಾ ಮತ್ತು ಪೊಟ್ಯಾಶ್ ಸೇರಿ ಕರಗಿದ್ದರ ಫಲ ಅದು. ಮೆತ್ತನೆಯ ಬೂದಿಗೆ ನಿಂಬೆರಸ ಹಿಂಡಿದರೆ ಸುಣ್ಣದ ಅಂಶಕ್ಕೆ ನೊರೆ ಏಳುತ್ತದೆ. ಆದರೆ ಎರೆಹೊಲದ ಸುಣ್ಣದ ಹರಳೂ ಹಾಗೇ ನೊರೆಯಾಡುತ್ತದೆ, ಆದ್ದರಿಂದ ನೊರೆ ಒಂದನ್ನೇ ನಂಬಿ ತೀರ್ಮಾನ ಬರೆಯಬೇಡಿ. ಪ್ರಯೋಗಾಲಯದ ಪುರಾವೆ ಬೇರೆಯೇ ಇದೆ: ಮೆಲುಕು ಹಾಕುವ ಪ್ರಾಣಿಗಳ ಕರುಳಲ್ಲಿ ಹುಟ್ಟುವ ಸುಣ್ಣದ ಸೂಕ್ಷ್ಮ ಗುಂಡುಗಳು. ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅವು ಕಪ್ಪಾಗುತ್ತವೆ, ಇನ್ನೂ ಕಾದರೆ ಅಳಿಯುತ್ತವೆ. ಹಾಗಾಗಿ ಯಾವ ಪದರ ಎಷ್ಟು ಬಿಸಿಯಾಗಿತ್ತು ಎಂಬುದನ್ನೂ ಸೂಕ್ಷ್ಮದರ್ಶಕದಲ್ಲಿ ಓದಬಹುದು. ಪದರ ಕಲೆಸಿಹೋದರೆ ಓದಲು ಏನೂ ಇರುವುದಿಲ್ಲ.

ರೈತರಿಗೆ ಒಂದು ನೇರ ಮಾತು. ದಿಬ್ಬದ ಬೂದಿಯನ್ನು ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುವುದು ದಿಬ್ಬಗಳ ದೊಡ್ಡ ಶತ್ರು. ಸಗಣಿ ಸುಟ್ಟಾಗ ಸಾರಜನಕ ಗಾಳಿಗೆ ಹೋಯಿತು. ನೀರಲ್ಲಿ ಕರಗುವ ಪೊಟ್ಯಾಶನ್ನು ನಾಲ್ಕು ಸಾವಿರ ವರ್ಷದ ಮಳೆ ತೊಳೆಯಿತು. ರಂಜಕ ಉಳಿದಿರುತ್ತದೆ, ಆದರೆ ಸುಣ್ಣದ ಜೊತೆ ಬಿಗಿದುಕೊಂಡ ರೂಪದಲ್ಲಿ. ಕ್ಷಾರದ ನೆಲದಲ್ಲಿ ಬೇರಿಗೆ ಅದು ಸುಲಭವಾಗಿ ಸಿಗದು. ನಿಮ್ಮ ಎರೆಮಣ್ಣು ಮೊದಲೇ ಸುಣ್ಣದ್ದು, ಕ್ಷಾರದ್ದು. ಅದಕ್ಕೆ ಮತ್ತೆ ಸುಣ್ಣದ ಬೂದಿ ಸುರಿದರೆ ಸತು, ಕಬ್ಬಿಣದ ಕೊರತೆ ಹೆಚ್ಚಿ ಎಲೆ ಹಳದಿಯಾಗುವ ಸಾಧ್ಯತೆಯೇ ಜಾಸ್ತಿ. ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ ಎಂಟು ದಾಟಿದ್ದರೆ ಬೂದಿಗೆ ಡೀಸೆಲ್ ಸುಡುವುದು ನಷ್ಟದ ಬಾಬು. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳು ಇದನ್ನು ಹೇಳಿದರೆ ಪುರಾತತ್ವದವರು ಹೇಳಿದ್ದಕ್ಕಿಂತ ಹೆಚ್ಚು ತಟ್ಟುತ್ತದೆ.

ನಿಧಿಗಳ್ಳರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದನಗಾಹಿಗಳು ಚಿನ್ನ ಹೂತಿಡಲಿಲ್ಲ. ನಡುದಿಬ್ಬಕ್ಕೆ ಗುಂಡಿ ತೋಡಿದವರಿಗೆ ಸಿಗುವುದು ಬೂದಿ.

ಆದರೆ ಸರ್ಕಾರಿ ಕಾಮಗಾರಿಯ ಬಗ್ಗೆ ಬರೆಯಲೇಬೇಕು. ಉದ್ಯೋಗ ಖಾತ್ರಿಯ ನೀರು ಇಂಗಿಸುವ ಕಂದಕ, ಸಸಿ ನೆಡುವ ಗುಂಡಿ, ರಸ್ತೆಬದಿಯ ಚರಂಡಿ, ಇವು ಒಳ್ಳೆಯ ಉದ್ದೇಶದಿಂದಲೇ ಪದರಗಳನ್ನು ಸೀಳುತ್ತವೆ. ದಿಬ್ಬ ಬರಡು ದಿಣ್ಣೆಯಂತೆ ಕಾಣುವುದರಿಂದ ಕ್ರಿಯಾ ಯೋಜನೆ ಬರೆಯುವವರಿಗೆ ಅದೇ ಖಾಲಿ ಜಾಗ. ಕ್ರಿಯಾ ಯೋಜನೆಗೆ ತಾಂತ್ರಿಕ ಮಂಜೂರಾತಿ ಕೊಡುವ ಮೊದಲು ಸರ್ವೆ ನಂಬರನ್ನು ಬೂದಿದಿಬ್ಬಗಳ ಪಟ್ಟಿಗೆ ಹೋಲಿಸುವ ಒಂದು ಸಾಲು ನಮೂನೆಯಲ್ಲಿ ಇರಲಿ. ಕುಡತಿನಿಯಲ್ಲಿ ಬಳ್ಳಾರಿ–ಹೊಸಪೇಟೆ ರಸ್ತೆ ಹಾದುಹೋಗುವುದು ಇಂಥ ದಿಬ್ಬದ ಮಗ್ಗುಲಲ್ಲೇ. ರಸ್ತೆ ಅಗಲಗೊಳಿಸುವ ಪ್ರತಿ ಪ್ರಸ್ತಾವವೂ ಇನ್ನೊಂದಿಷ್ಟು ಮೀಟರ್ ಕೇಳುತ್ತದೆ.

ಬಳ್ಳಾರಿ ಜಾಲಿಯ ವಿಷಯವೂ ಸಣ್ಣದಲ್ಲ. ದಿಬ್ಬ ಸ್ವಚ್ಛ ಮಾಡುತ್ತೇವೆಂದು ಜೆಸಿಬಿಯಲ್ಲಿ ಬುಡ ಸಮೇತ ಕಿತ್ತರೆ ಬೇರಿನ ಜೊತೆ ಪದರಗಳೂ ಮೇಲೆ ಬರುತ್ತವೆ, ಕುಳಿಯಲ್ಲಿ ನೀರು ನಿಂತು ಕೊರಕಲು ಶುರುವಾಗುತ್ತದೆ. ಬುಡಕ್ಕೆ ಡೀಸೆಲ್ ಸುರಿಯುವ ಉಪಾಯವಂತೂ ಬೇಡವೇ ಬೇಡ. ಇದ್ದಿಲಿನ ವಯಸ್ಸನ್ನು ಅದರಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ಲೆಕ್ಕ ಹಾಕುತ್ತಾರೆ, ಕಲ್ಲೆಣ್ಣೆಯಲ್ಲಿ ಆ ಇಂಗಾಲ ಒಂದಿಷ್ಟೂ ಉಳಿದಿರುವುದಿಲ್ಲ. ಡೀಸೆಲ್ ಇಳಿದ ಇದ್ದಿಲನ್ನು ಪರೀಕ್ಷಿಸಿದರೆ ವಯಸ್ಸು ಸುಳ್ಳಾಗಿ ಹಿಂದಕ್ಕೆ ಹೋಗುತ್ತದೆ. ಹೊಸ ಬೇರಿನ ಎಳೆ ಉಳಿದರೆ ಸುಳ್ಳಾಗಿ ಮುಂದಕ್ಕೆ ಬರುತ್ತದೆ. ಗಿಡವನ್ನು ನೆಲಮಟ್ಟದಲ್ಲಿ ಕೈಗರಗಸದಿಂದ ಕೊಯ್ಯಬೇಕು. ಅದು ಮತ್ತೆ ಚಿಗುರುತ್ತದೆ, ಮತ್ತೆ ಕೊಯ್ಯಬೇಕು. ಒಂದೇ ವರ್ಷದ ಗುತ್ತಿಗೆಯಲ್ಲಿ ಮುಗಿಯುವ ಕೆಲಸವಲ್ಲ. ಟೆಂಡರ್ ಬರೆಯುವಾಗಲೇ ಕನಿಷ್ಠ ಮೂರು ವರ್ಷ ಹಾಕಿ.

ಈಗಾಗಲೇ ಕತ್ತರಿಸಿಹೋದ ದಿಬ್ಬದ ಗೋಡೆ ಎದುರಿಗಿದ್ದರೆ ಏನು ಮಾಡಬೇಕು? ಯಂತ್ರ ನಿಲ್ಲಿಸಿ. ಗೋಡೆಗೆ ಒಂದು ಮೀಟರ್ ಅಳತೆಪಟ್ಟಿ ಆನಿಸಿ ನೇರ ಎದುರಿನಿಂದ ಫೋಟೋ ತೆಗೆಯಿರಿ. ಮುಂಜಾನೆಯ ಅಥವಾ ಮೋಡದ ಬೆಳಕು ಒಳ್ಳೆಯದು, ನಡುಹಗಲಿನ ಬಿಸಿಲಿಗೆ ಬಿಳಿ ಬೂದಿ ಕೋರೈಸಿ ಪದರಗಳು ಬೇರೆಬೇರೆಯಾಗಿ ಕಾಣವು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಿ, ಜಿಪಿಎಸ್ ಅಂಕಿಯ ಜೊತೆ ಬರೆದಿಡಿ. ಇಲಾಖೆಗೆ ತಿಳಿಸಿ. ನೀವೇ ಅಗೆಯಬೇಡಿ, ಮಾದರಿ ತೆಗೆಯುವುದು ಪರವಾನಗಿ ಇದ್ದವರ ಕೆಲಸ.

ಆ ಕೆಲಸಕ್ಕೆ ಬರುವ ಇಲಾಖೆಯ ಹೊಸ ಸಿಬ್ಬಂದಿಗೂ ಒಂದೆರಡು ಮಾತು ಇಲ್ಲೇ. ಗೋಡೆಯಿಂದ ಮಾದರಿಗಳನ್ನು ಕೆಳಗಿನಿಂದ ಮೇಲಕ್ಕೆ ತೆಗೆಯಿರಿ. ಮೇಲಿಂದ ಶುರುಮಾಡಿದರೆ ಉದುರಿದ ಪುಡಿ ಕೆಳಗಿನ ಪದರವನ್ನು ಕೆಡಿಸುತ್ತದೆ. ಇದ್ದಿಲನ್ನು ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಆಮೇಲೆ ಚೀಲಕ್ಕೆ ಹಾಕಿ. ಹತ್ತಿ ಮತ್ತು ಕಾಗದದಲ್ಲಿ ಸುತ್ತಿದರೆ ಅವುಗಳ ಇಂಗಾಲವೇ ಮಾದರಿಗೆ ಸೇರುತ್ತದೆ, ಆದ್ದರಿಂದ ಚೀಟಿ ಹೊರಚೀಲದಲ್ಲಿರಲಿ. ಇದ್ದಿಲಿಗಿಂತ ಸುಟ್ಟ ಕಾಳು ವಾಸಿ. ನೂರು ವರ್ಷದ ಮರದ ನಡುತಿರುಳು ಬೆಂಕಿಗೆ ಬಿದ್ದರೆ ಅದರ ವಯಸ್ಸು ಒಲೆಯ ವಯಸ್ಸಿಗಿಂತ ನೂರು ವರ್ಷ ಹಿಂದಿನದಾಗುತ್ತದೆ. ಹುರುಳಿಕಾಳು ಬೆಳೆದ ವರ್ಷವನ್ನೇ ಹೇಳುತ್ತದೆ. ಇಂಗಾಲದ ವಯಸ್ಸು ಅಳೆಯುವ ವೇಗವರ್ಧಕ ವಿಧಾನಕ್ಕೆ (ಎಎಂಎಸ್) ಮಿಲಿಗ್ರಾಂ ಲೆಕ್ಕದ ಇಂಗಾಲ ಸಾಕು, ಒಂದು ಕಾಳಿನಲ್ಲೇ ಸಿಗುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಈ ಸೌಲಭ್ಯವಿದೆ.

ಕಾಳು ಹಿಡಿಯಲು ಮಣ್ಣನ್ನು ನೀರಲ್ಲಿ ತೇಲಿಸಬೇಕು, ಒಂದು ಮಾದರಿಗೆ 10ರಿಂದ 20 ಲೀಟರ್ ಮಣ್ಣು. ಜರಡಿಯ ಕಣ್ಣು ಅರ್ಧ ಮಿಲಿಮೀಟರನ್ನು ಮೀರಬಾರದು. ಪ್ರಾಚೀನ ಸಸ್ಯಾವಶೇಷಗಳ ತಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಈ ಜನರ ಆಹಾರವನ್ನು ಪತ್ತೆ ಹಚ್ಚಿದ್ದು ಹೀಗೆ ತೇಲಿಬಂದ ಕಾಳುಗಳಿಂದಲೇ: ಕೊರಲೆ, ನವಣೆಯ ಜಾತಿಯ ಒಂದು ಹುಲ್ಲುಧಾನ್ಯ, ಹೆಸರು, ಹುರುಳಿ. ಕೊರಲೆಕಾಳು ಎಷ್ಟು ಸಣ್ಣದೆಂಬುದು ತುಮಕೂರು, ಚಿತ್ರದುರ್ಗ ಸೀಮೆಯವರಿಗೆ ಗೊತ್ತು. ಕಣ್ಣು ದೊಡ್ಡದಾದ ಜರಡಿಯಲ್ಲಿ ಹುರುಳಿ ಉಳಿದು ಕೊರಲೆ ಸೋರಿಹೋಗುತ್ತದೆ, ಆಮೇಲೆ ಈ ಜನ ಕೊರಲೆ ತಿನ್ನುತ್ತಿರಲಿಲ್ಲ ಎಂಬ ವರದಿ ಹುಟ್ಟುತ್ತದೆ. ತೇಲಿಬಂದದ್ದನ್ನು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸುಟ್ಟ ಕಾಳು ಸಿಡಿಯುತ್ತದೆ. ಮಡಕೆ ಚೂರುಗಳನ್ನೆಲ್ಲ ತೊಳೆಯಬೇಡಿ, ಪ್ರತಿ ಪದರದಿಂದ ಕೆಲವನ್ನು ಮಣ್ಣು ಸಮೇತ ಎತ್ತಿಡಿ. ಮಣ್ಣಿನ ರಂಧ್ರಕ್ಕೆ ಇಳಿದ ಕೊಬ್ಬಿನ ಅಂಶದಿಂದ ಅದರಲ್ಲಿ ಹಾಲು ಕಾಯಿಸಿದ್ದರೋ ಮಾಂಸ ಬೇಯಿಸಿದ್ದರೋ ಹೇಳಬಹುದು. ದನದ ಹಲ್ಲಿನಲ್ಲಿರುವ ಸ್ಟ್ರಾನ್ಷಿಯಂ ಎಂಬ ಧಾತು ಆ ದನ ಯಾವ ಬಗೆಯ ಕಲ್ಲಿನ ನೆಲದಲ್ಲಿ ಮೇಯ್ದು ಬೆಳೆಯಿತೆಂದು ತಿಳಿಸುತ್ತದೆ. ಆಲ್ಚಿನ್ ಕಾಲದಲ್ಲಿ ಈ ಪ್ರಶ್ನೆಗಳನ್ನು ಕೇಳಲು ಸಾಧನವೇ ಇರಲಿಲ್ಲ. ಇಂದು ಸಾಧನವಿದೆ, ದಿಬ್ಬಗಳು ಕಡಿಮೆಯಾಗುತ್ತಿವೆ.

ಈ ಕಾಲಗಣನೆಯ ಮಾತು ಈಗ ರಾಜಕೀಯಕ್ಕೂ ಬಂದಿದೆ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈನ ಕಬ್ಬಿಣಕ್ಕೆ ಕ್ರಿ.ಪೂ. 4ನೇ ಸಹಸ್ರಮಾನದವರೆಗೆ ಹೋಗುವ ದಿನಾಂಕಗಳನ್ನು ಪ್ರಕಟಿಸಿತು. ಕೂಡಲೇ ಹಳೆಯ ಕಬ್ಬಿಣಕ್ಕೆ ಹೆಸರಾದ ಹಾವೇರಿ ಜಿಲ್ಲೆಯ ನಮ್ಮ ಹಳ್ಳೂರಿನ ಕಥೆಯೇನು ಎಂದು ಇಲ್ಲಿ ಕೇಳತೊಡಗಿದರು. ಪೈಪೋಟಿಗೆ ಉತ್ತರ ಭಾಷಣದಲ್ಲಿ ಸಿಗದು. ವಸ್ತು ಮತ್ತು ಕಾಳು ಒಂದೇ ಕದಡದ ಪದರದಲ್ಲಿ ಜೊತೆಯಾಗಿ ಸಿಕ್ಕಾಗ ಮಾತ್ರ ದಿನಾಂಕಕ್ಕೆ ಬೆಲೆ, ಅದು ಯಾವ ರಾಜ್ಯದ್ದೇ ಆಗಿರಲಿ.

ಕಳೆದುಹೋದ ದಿಬ್ಬಗಳ ಲೆಕ್ಕ ಹಿಡಿಯಲು ಆಕಾಶದ ಕಣ್ಣು ನೆರವಾಗುತ್ತದೆ. ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಕೊನೆಯ ಸರಣಿಯವು ಸುಮಾರು 2 ಮೀಟರ್ ವಿವರವನ್ನು ತೋರಿಸುತ್ತವೆ. 30 ಮೀಟರ್ ಅಗಲದ ದಿಬ್ಬ ಅದರಲ್ಲಿ ಅಡಗಲಾರದು. ಅದೇ ಜಾಗವನ್ನು ಇಸ್ರೋದ ಭುವನ್ ಪೋರ್ಟಲ್‌ನಲ್ಲಿ, ಏಪ್ರಿಲ್-ಮೇ ತಿಂಗಳ ಚಿತ್ರದಲ್ಲಿ ಹುಡುಕಿ. ದಿಬ್ಬ ನೆಲಸಮವಾಗಿದ್ದರೂ ಉತ್ತ ಎರೆಹೊಲದಲ್ಲಿ ಬಿಳಿಚಿದ ಮಚ್ಚೆ ಉಳಿದಿರುತ್ತದೆ. ಬಿತ್ತನೆಯ ನಂತರದ ಚಿತ್ರದಲ್ಲಿ ಅದು ಕಾಣದು. ಮಚ್ಚೆ ಕಂಡ ಹೊಲವೂ ಪಟ್ಟಿಗೆ ಸೇರಬೇಕು. ದಿಬ್ಬ ಹೋದರೂ ನೇಗಿಲಿನ ಆಳದ ಕೆಳಗೆ ತಳದ ಪದರ, ಗೂಟದ ಕುಳಿಗಳು ಉಳಿದಿರುವ ಸಂಭವ ಹೆಚ್ಚು. ಸುಣ್ಣಕಲ್ಲಿನ ಮರಡಿಯೂ ಹೀಗೇ ಬಿಳಿಚಿಕೊಳ್ಳುತ್ತದೆ, ಹಾಗಾಗಿ ಒಬ್ಬರು ಹೋಗಿ ನೋಡಿಬರಬೇಕು.

ಇನ್ನು ಕಾನೂನು. ಕೇಂದ್ರದ ರಕ್ಷಿತ ತಾಣವಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದರ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರ್ ಕಟ್ಟಡ ಕೆಲಸಕ್ಕೆ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಾಜ್ಯಕ್ಕೆ 1961ರ ಕಾಯ್ದೆ ಇದೆ. ಪಟ್ಟಿಗೆ ಸೇರದ ದಿಬ್ಬಕ್ಕೆ ಈ ಎರಡರ ಆಸರೆಯೂ ಇಲ್ಲ, ಮತ್ತು ನೂರಾರು ತಾಣಗಳನ್ನು ಅಧಿಸೂಚಿಸುವಷ್ಟರಲ್ಲಿ ಅರ್ಧ ಇರುವುದಿಲ್ಲ. ಆದ್ದರಿಂದಲೇ ಕಂದಾಯ ದಾಖಲೆ ಎನ್ನುತ್ತಿದ್ದೇವೆ. ಸಾಗುವಳಿಗೆ ಬಾರದ ದಿಬ್ಬ ಹಳೆಯ ಸರ್ವೆಯಲ್ಲಿ ‘ಎ’ ಖರಾಬು ಎಂದು ಬಿದ್ದಿದ್ದರೆ ಅದು ಹಿಡುವಳಿದಾರನ ಕೈಯಲ್ಲೇ ಇರುತ್ತದೆ. ಅವನು ಸಮ ಮಾಡಿ ಉತ್ತರೆ ಕೇಳುವವರಿಲ್ಲ. ‘ಬಿ’ ಖರಾಬಾದರೆ ಸಾರ್ವಜನಿಕ ಉದ್ದೇಶಕ್ಕೆ ಕಾದಿಟ್ಟದ್ದು, ಅಲ್ಲಿ ತಹಶೀಲ್ದಾರರ ಒಂದು ಆದೇಶ ಸಾಕು. ಖಾಸಗಿ ಹಿಡುವಳಿಯಲ್ಲಿ, ರೈತನ ಮುಂದೆ ಅಳತೆ ಮಾಡಿ, ನಕ್ಷೆ ಸಹಿತ ಪಹಣಿಯ 11ನೇ ಕಾಲಂನಲ್ಲಿ ‘ಪುರಾತತ್ವ ತಾಣ, ನೇಗಿಲಿನ ಆಳ ಮೀರಿ ಅಗೆಯುವಂತಿಲ್ಲ’ ಎಂಬ ನಮೂದು ಬರಲಿ. ಭೂಮಿ ಮಾರಿದರೂ ಆ ನಮೂದು ಹೊಸ ಖಾತೆಯ ಜೊತೆ ಹೋಗುತ್ತದೆ. ರೈತ ಉಳುವುದನ್ನು ನಾವು ತಡೆಯಿರಿ ಎನ್ನುತ್ತಿಲ್ಲ. ಮಾಮೂಲು ಉಳುಮೆ ಈಗಾಗಲೇ ಕದಡಿದ ಮೇಲ್ಮಣ್ಣಿನಲ್ಲಿ ಓಡುತ್ತದೆ. ಆಳ ಉಳುಮೆ, ಕೃಷಿಹೊಂಡ, ಪೈಪ್‌ಲೈನ್, ಮಣ್ಣು ಮಾರಾಟ, ನಿಲ್ಲಬೇಕಾದವು ಇವು. ಹಾಗೆ ನಿರ್ಬಂಧ ಹೇರಿದ ನೆಲಕ್ಕೆ ಪರಿಹಾರದ ಮಾತೂ ಬರಬೇಕು. ಗುಂಟೆ ಲೆಕ್ಕದ ಜಾಗಕ್ಕೆ ವಾರ್ಷಿಕ ಮೊತ್ತ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇರುವ ಜಿಲ್ಲೆಗಳಿಗೆ ಭಾರವಾಗದು.

ಗಣಿ ಇಲಾಖೆಯ ಬಗ್ಗೆ ಪ್ರತ್ಯೇಕವಾಗಿ. ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಕಲ್ಲಿನ ಕೊಡಲಿ ಮಾಡಿದ ಕಾರ್ಖಾನೆಯೇ ಇದೆ, ಬಂಡೆಯ ಮೇಲೆ ಹೋರಿಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಪುರಾತತ್ವಜ್ಞರಾದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮತ್ತು ಸಂಗಡಿಗರು ಅಲ್ಲಿ ಕೆಲಸ ಮಾಡುತ್ತಿದ್ದಾಗಲೇ ಕಲ್ಲುಗಣಿ ಗುಡ್ಡವನ್ನು ತಿನ್ನುತ್ತಿತ್ತು. ಅಲ್ಲಿಯ ಪಾಠ ಇಷ್ಟು: ಗಣಿಗೆ ಜಾಗ ಗುರುತಿಸುವ ಹಂತದಲ್ಲೇ ಪುರಾತತ್ವದ ಆಕ್ಷೇಪಣೆ ಬರಬೇಕು. ಗುತ್ತಿಗೆ ಮಂಜೂರಾದ ಮೇಲೆ ಬರುವ ಆಕ್ಷೇಪಣೆ ನ್ಯಾಯಾಲಯದಲ್ಲಿ ವರ್ಷಗಳನ್ನು ಕಳೆಯುತ್ತದೆ, ಅಷ್ಟರಲ್ಲಿ ಬಂಡೆ ಜಲ್ಲಿಯಾಗಿರುತ್ತದೆ.

ಕೊನೆಯದಾಗಿ ಸಂರಕ್ಷಣೆಯ ಹೆಸರಿನ ಸಿಮೆಂಟು. ಕತ್ತರಿಸಿದ ಗೋಡೆಗೆ ಸಿಮೆಂಟ್ ಬಳಿಯುವುದು, ಸುತ್ತ ಆಳದ ಪಾಯ ತೋಡಿ ಕಾಂಪೌಂಡ್ ಕಟ್ಟುವುದು ಎರಡೂ ಹಾನಿ. ಪಾಯದ ಕಂದಕ ಊರಿದ್ದ ನೆಲವನ್ನೇ ಸೀಳುತ್ತದೆ. ಸಿಮೆಂಟಿನ ಹಿಂದೆ ತೇವ ಸೇರಿ ಬೂದಿ ಉಬ್ಬಿ ಹೆಕ್ಕಳವಾಗಿ ಕಳಚುತ್ತದೆ. ಗೋಡೆಗೆ ನೀರು, ಗಾಳಿ ಹಾಯಲು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿ, ಮೇಲೆ ತೊಳೆದ ಮರಳು, ಅದರ ಮೇಲೆ ಇಳಿಜಾರಾಗಿ ಹೊರಗಿನ ಮಣ್ಣು ಪೇರಿಸಿ, ಮಳೆನೀರನ್ನು ದೂರಕ್ಕೆ ತಿರುಗಿಸಿ. ಹುಲ್ಲು ಬೆಳೆಯಲಿ, ಮರ ಬೇಡ. ಬೇಲಿ ಬೇಕಿದ್ದರೆ ಗಡಿಯ ಆಚೆ ನಿಲ್ಲಿಸಿ, ಕಂಬ ಹೂಳುವ ಪ್ರತಿ ಗುಂಡಿಯ ಮಣ್ಣನ್ನು ಜರಡಿ ಹಿಡಿಯಿರಿ. ಆ ಗುಂಡಿಗಳಲ್ಲೂ ಚೂರು ಬಂದರೆ ಗಡಿ ತಪ್ಪಾಗಿದೆ ಎಂದರ್ಥ; ಬೇಲಿಯನ್ನು ಇನ್ನಷ್ಟು ಹೊರಕ್ಕೆ ಒಯ್ದು, ಪಹಣಿಯ ನಕ್ಷೆಯನ್ನೂ ತಿದ್ದಿ.

ಇಂತಿ,
ದಕ್ಷಿಣ ಭಾರತದ ನವಶಿಲಾಯುಗದ ಅಧ್ಯಯನದಲ್ಲಿ ತೊಡಗಿರುವವರು